ತರ್ಕ ಬಾರದವರ ಉತ್ತರಗಳು

ಪ್ರಶ್ನೆ ಹಿಡಿದು ಊರೂರು ಸುತ್ತುವವಳಿಗೆ ದಿನಕ್ಕೊಂದು ಪೆಟ್ಟು ಖಾತ್ರಿ. ರಂಗೂನು, ಕರಾಚಿ ಎಲ್ಲ ತಿರುಗಿ ಬಂದವಳು ನಾನು. ಪೆಟ್ಟು ಬಿದ್ದದ್ದೆಲ್ಲ ಕೋಲಾರ ಸೀಮೆಯಲ್ಲೇ. ಎರಡನೇ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ ಒಬ್ಬ ಮನಶ್ಶಾಸ್ತ್ರದ ಪ್ರೊಫೆಸರರ ಕೈಕೆಳಗೆ ಕೆಲಸಕ್ಕಿದ್ದೆ. ಓದು ಬಾರದವರಿಗೆ ತರ್ಕ ಬಾರದು ಎಂಬುದು ಅವರ ಸಿದ್ಧಾಂತ. ಹಾಗೆಂದು ಸರ್ಕಾರಕ್ಕೆ ವರದಿ ಹೋದರೆ, ಹೆಂಗಸರಿಗಾಗಿ ಆಗತಾನೇ ತೆರೆದಿದ್ದ ಅಕ್ಷರಶಾಲೆಗಳಿಗೆ ಬೀಗ. ಆ ಹೆಂಗಸರಿಂದ ಒಂದಾದರೂ ಸರಿಯುತ್ತರ ತಂದೇ ತರುತ್ತೇನೆಂದು ಹಟ ತೊಟ್ಟೆ.

೧. ಮಾಲೂರಿನ ಮೊಸರಿನಾಕೆ

"ಕ್ಯಾಲನೂರಿನ ಹಸುಗಳೆಲ್ಲ ಬಿಳಿ. ಸಾಕಮ್ಮನ ಹಸು ಕ್ಯಾಲನೂರಿನದು. ಅದರ ಬಣ್ಣ ಯಾವುದು?"

"ಸಾಕಮ್ಮ ಯಾರ ಪೈಕಿ?"

"ಯಾರೋ ಒಬ್ಬಳು. ಬಣ್ಣ ಹೇಳಮ್ಮ."

"ಕ್ಯಾಲನೂರು ನನ್ನ ತವರು ಕಣಮ್ಮ. ನಮ್ಮನೇಲೇ ಎರಡು ಕಪ್ಪು ಹಸು ಇದಾವೆ. ಎಲ್ಲಾ ಬಿಳಿ ಅಂತ ಯಾರಂದ್ರು?"

"ನಮ್ಮ ಪ್ರೊಫೆಸರರು."

"ಕ್ಯಾಲನೂರು ನೋಡಿದಾರಾ?"

"ಇಲ್ಲ."

"ನೋಡ್ದೆ ಹೇಳೋರೊಬ್ರು, ಅದನ್ನ ಹೊತ್ಕೊಂಡು ತಿರುಗೋರೊಬ್ರು! ಇದಕ್ಕೆ ಸಂಬಳ ಬೇರೆ ಕೊಡ್ತಾರಾ?"

ಹೌದೆನ್ನಲು ನಾಚಿಕೆಯಾಯಿತು.

೨. ಶ್ರೀನಿವಾಸಪುರದ ಅಡುಗೆಮನೆ

ಒಲೆ, ಮಡಕೆ, ಮುದ್ದೆಕೋಲು, ರಾಗಿಹಿಟ್ಟು. ಗುಂಪಿಗೆ ಸೇರದ್ದು ಯಾವುದು? ಹಿಟ್ಟು ಎನ್ನಬೇಕಿತ್ತು, ಅದು ಸಲಕರಣೆಯಲ್ಲವಲ್ಲ.

"ಏಮ್ಮಾ, ಹಿಟ್ಟು ತೆಗೆದ್ರೆ ಮಡಕೇಲಿ ನಿನ್ನ ಪುಸ್ತಕ ಬೇಯಿಸ್ಲಾ?" ಎಂದಳು ಮನೆಯಾಕೆ.

"ಒಂದನ್ನ ತೆಗೀಲೇಬೇಕು."

ಒಂದು ಗಳಿಗೆ ಯೋಚಿಸಿ, ಕಂಬಕ್ಕೊರಗಿದ್ದ ಗಂಡನ ಕಡೆ ಬೆರಳು ತೋರಿಸಿದಳು. "ಇವರನ್ನ ತೆಗೆದುಬಿಡು. ಅಡುಗೆಗೆ ಬೇಡದ್ದು ಅಂದ್ರೆ ಇದೊಂದೇ."

ಹಾಳೆಯಲ್ಲಿ ತಪ್ಪು ಎಂದೇ ಬರೆಯಬೇಕಾಯಿತು.

೩. ಮುಳಬಾಗಿಲ ಅಜ್ಜಿ

ತಪ್ಪುಗಳ ಕಟ್ಟು ನೋಡಿ ಪ್ರೊಫೆಸರರಿಗೆ ಪರಮ ಸಂತೋಷ. ಕೊನೆಯ ಪ್ರಶ್ನೆ ತಾವೇ ಕೇಳುತ್ತೇನೆಂದು ಹೊರಟುಬಂದರು. ನಾನೂ ಬೇಕೆಂದೇ ಅವರನ್ನು ಕುರುಡುಮಲೆ ದಾರಿಯ ಒಬ್ಬ ಅಜ್ಜಿಯ ಜಗಲಿಗೆ ಕರೆದೊಯ್ದೆ. ಕೇರಿಯ ಜಗಳಗಳೆಲ್ಲ ತೀರುತ್ತಿದ್ದುದು ಅಲ್ಲೇ. ಅಜ್ಜಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

"ಓದು ಬಾರದವರಿಗೆ ತರ್ಕ ಬಾರದು," ಎಂದರು ಪ್ರೊಫೆಸರರು. "ನಿಮಗೆ ಓದು ಬಾರದು. ಆದ್ದರಿಂದ?"

ಅಜ್ಜಿ ತಲೆಯೆತ್ತಲಿಲ್ಲ. "ಆದ್ರಿಂದ ನಂಗೆ ತರ್ಕ ಬರಾಕಿಲ್ಲ."

"ಭೇಷ್! ಸರಿಯುತ್ತರ!" ಪ್ರೊಫೆಸರರು ತೊಡೆ ತಟ್ಟಿಕೊಂಡರು.

"ಸರಿಯಾಗಿ ಹೇಳಿದ್ನಾ ಸ್ವಾಮಿ?"

"ತುಂಬಾ ಸರಿ."

"ಹಂಗಾದ್ರೆ ತರ್ಕ ಬಂದಂಗಾಯ್ತಲ್ಲ. ಈಗ ಬರ್ತದೆ ಅಂತ ಬರ್ಕೋತೀರೋ, ಬರಾಕಿಲ್ಲ ಅಂತಲೋ?"

ಪ್ರೊಫೆಸರರ ಪೆನ್ನು ಗಾಳಿಯಲ್ಲೇ ನಿಂತಿತು. ನಾನು ಹಾಳೆ ಎಳೆದುಕೊಂಡು 'ಸರಿ' ಎಂದು ಬರೆದು, ಅವರ ಪೆನ್ನಿನ ಕೆಳಗೇ ಹಿಡಿದೆ. ಬೇರೆ ದಾರಿಯಿಲ್ಲದೆ ರುಜು ಹಾಕಿದರು.

ಅಜ್ಜಿ ನನ್ನ ಕಿವಿಯ ಹತ್ತಿರ ಬಗ್ಗಿದರು. "ಪಾಪ ಕಣಮ್ಮ ಇವರು, ಹೆಂಗಸರ ಆ ಅಕ್ಷರಶಾಲೇಗೆ ಗಂಡಸರನ್ನೂ ಸೇರಿಸ್ಕೋತಾರಾ?"