ನಿಷೇಧಿತ ನಷ್ಟ

ಕೀಲ್ಪಾಕ್ ಕನ್ನಡ ಬಳಗದ ಧ್ವನಿಭಂಡಾರದಲ್ಲಿ ಮಾಹಿತಿ ನಷ್ಟವಾಗುವುದನ್ನು ಕಾರ್ಯಕಾರಿ ಸಮಿತಿಯು ಸರ್ವಾನುಮತದಿಂದ ನಿಷೇಧಿಸಿದೆ.

ಭಂಡಾರವೆಂದರೆ ಕೆಲವು ಡಿಸ್ಕುಗಳನ್ನು ಸಾಫ್ಟ್‌ವೇರ್ ಒಂದಾಗಿ ಹೆಣೆದ ಕಂಪ್ಯೂಟರು. ಊರಿನ ಹಿರಿಯ ಕನ್ನಡಿಗರ ಮಾತು, ಹಾಡು ಅದರಲ್ಲಿದ್ದವು. ಉಸ್ತುವಾರಿಯ ಗುಣವತಿಗೆ ಮುಖ್ಯವಾದದ್ದು, ತೀರಿಹೋದ ತಾಯಿ ಶಾರದಮ್ಮ ಕೋಡಂಬಾಕ್ಕಂ ಮನೆಯ ಅಡುಗೆಕೋಣೆಯಲ್ಲಿ ಹಾಡಿದ ಹಸೆ ಹಾಡುಗಳು. ಜಾಗ ತುಂಬಿತು; ಹೊಸ ಡಿಸ್ಕು ಬಂತು.

"ಮೊದಲು ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಬೇಕು. ಆಮೇಲೆ ಹೊಸದನ್ನು ಸೇರಿಸೋಣ. ಸೇರಿ ಮುಗಿಯುವ ತನಕ ಕರೆಂಟು ತೆಗೆಯಬಾರದು, ನಡುವೆ ನಿಂತರೆ ಎಲ್ಲ ಕೆಡಬಹುದು," ಎಂದರು ಗುಣವತಿ.

ಅಧ್ಯಕ್ಷ ಕಮಲಾಕರರಿಗೆ ನೋವಾಯಿತು. "ನಕಲು ಮಾಡಿದರೆ ನಮ್ಮ ನಿರ್ಣಯದ ಮೇಲೆ ನಮಗೇ ನಂಬಿಕೆ ಇಲ್ಲ ಅಂತಾಗಲ್ವೇನ್ರೀ?"

ನಕಲನ್ನು ತಿರಸ್ಕರಿಸಲಾಯಿತು. ಗುಣವತಿ ಸದ್ದಿಲ್ಲದೆ ಸ್ವಂತ ಡಿಸ್ಕಿಗೆ ಎಲ್ಲವನ್ನೂ ಇಳಿಸಿಕೊಂಡು, ಜೋಡಣೆ ಶುರುಮಾಡಿ, ಮೇನ್ ಸ್ವಿಚ್ಚಿನ ಮೇಲೆ 'ಆರಿಸಬೇಡಿ' ಎಂಬ ಚೀಟಿ ಅಂಟಿಸಿದರು.

ಕೊನೆಯಲ್ಲಿ ಹೊರಡುವವರು ಮೇನ್ ಆರಿಸುವುದು ಬಳಗದ ಪದ್ಧತಿ. ರೈಲ್ವೆಯಿಂದ ನಿವೃತ್ತರಾದ ಕಾರ್ಯದರ್ಶಿ ಜಯಪ್ರಕಾಶ್ ಚೀಟಿಯನ್ನು ಓದಿದರು. ಅದರಲ್ಲಿ ಅಧ್ಯಕ್ಷರ ಸಹಿ ಇರಲಿಲ್ಲ. ಆರಿಸಿದರು. ಬೆಳಿಗ್ಗೆ ಅವರೇ ಕಂಪ್ಯೂಟರು ಹಚ್ಚಿ, ಅದು ಕೇಳಿದ ಪ್ರಶ್ನೆಗಳಿಗೆಲ್ಲ, 'ಎಲ್ಲ ಅಳಿಸಿ ಹೊಸದಾಗಿ ಶುರುಮಾಡಲೇ?' ಎಂಬುದಕ್ಕೂ, 'ಹೌದು' ಒತ್ತಿದರು. ಭಂಡಾರ ಬರಿದಾಯಿತು.

"ನೋಡಿ, ಎಷ್ಟು ಜಾಗ!" ಎಂದರು ಕಮಲಾಕರ. "ನಾವು ಕೇಳಿದ್ದು ಸ್ವಲ್ಪ, ಸಿಕ್ಕಿದ್ದು ಪೂರ್ತಿ." ವಿಸ್ತರಣೆ ನಿರೀಕ್ಷೆ ಮೀರಿ ಯಶಸ್ವಿಯಾಗಿದೆಯೆಂದು ಪ್ರಕಟಣೆ ಹೊರಬಿತ್ತು.

ತುರ್ತುಸಭೆಯಲ್ಲಿ ಗುಣವತಿ ತಮ್ಮ ಡಿಸ್ಕನ್ನು ಮೇಜಿನ ಮೇಲಿಟ್ಟರು. "ಎಲ್ಲ ಇದರಲ್ಲಿದೆ. ವಾಪಸ್ ಹಾಕೋಣ."

"ಹೋಗಿದ್ದರೆ ತಾನೇ ವಾಪಸ್ಸು? ಹೋಗೋದಕ್ಕೆ ನಿಷೇಧ ಇದೆಯಲ್ಲಮ್ಮಾ," ಎಂದರು ಕಮಲಾಕರ.

"ಹಾಗಾದರೆ ನಮ್ಮಮ್ಮನ ಹಾಡು ಕೇಳಿಸಿ."

ಜಯಪ್ರಕಾಶ್ ಕಂಪ್ಯೂಟರಿನ ಸ್ಪೀಕರಿಗೆ ಕಿವಿಗೊಟ್ಟು ನಿಂತರು. "ಅವರ ದನಿ ಮೊದಲಿಂದಲೂ ಮೆದು ಅಲ್ವಾ, ಮೇಡಂ?"

ಸಮಿತಿಯು ಕಲ್ಲುಮನಸ್ಸಿನದಲ್ಲ. ಹಾಡುಗಳನ್ನು ಹೊಸ ಸೇರ್ಪಡೆಯೆಂದು ಸ್ವೀಕರಿಸಬಹುದು; ನಿಯಮದಂತೆ ಹಾಡಿದವರೇ ಖುದ್ದಾಗಿ ಬಂದು ಒಪ್ಪಿಗೆ ಕೊಟ್ಟರಾಯಿತು ಎಂದಿತು. ಶಾರದಮ್ಮನವರ ಹೆಸರನ್ನು ಗಟ್ಟಿಯಾಗಿ ಮೂರು ಸಲ ಕೂಗಿಸಲಾಯಿತು. ಅವರು ಗೈರುಹಾಜರಾದ್ದರಿಂದ ವಿಷಯವನ್ನು ಮುಂದಿನ ಸಭೆಗೆ ಮುಂದೂಡುವುದೆಂದು ಕಮಲಾಕರರು ಸೂಚಿಸಿದರು.

ಅಮ್ಮನನ್ನು ಅಷ್ಟು ಮರ್ಯಾದೆಯಿಂದ ಯಾರಾದರೂ ಕರೆದು ವರ್ಷಗಳಾಗಿದ್ದವು. ಮುಂದಿನ ಸಭೆಯಲ್ಲಿ ಮತ್ತೆ ಕರೆಯುತ್ತಾರಲ್ಲ ಎಂದುಕೊಂಡು, ಗುಣವತಿ ಅನುಮೋದಿಸಿದರು.