ದೇವರಿಗೆ ಕಣ್ಣಿನ ಪಾಳಿ ಕೊಟ್ಟ ಎಕ್ಸ್‌ಪೋರ್ಟ್ ಮಹಾಶಯರಿಗೆ

ಮಾನ್ಯ ಎಕ್ಸ್‌ಪೋರ್ಟ್ ಮಹಾಶಯರೇ,

ಖಾನಾಪುರದ ನಮ್ಮ ಕಣ್ಣು ತಪಾಸಣೆ ಕೇಂದ್ರದ ಕಂಪ್ಯೂಟರಿನೊಳಗೆ ತಾವು ಸುಖವಾಗಿದ್ದೀರೆಂದು ನಂಬಿ, ಡಾಟಾ ಎಂಟ್ರಿಯ ಅಂಜುಮ ಎಂಬ ನಾನು ಕೈಮುಗಿದು ಬರೆದುಕೊಳ್ಳುವುದೇನೆಂದರೆ:

ನಾವು ಡಾಟಾಬೇಸಿನಲ್ಲಿ ಏನು ಬರೆದರೂ, ಏನು ಅಳಿಸಿದರೂ ಅದರ ಜರ್ನಲ್ ಎಂಬ ದಿನಚರಿ ಎಲ್ಲವನ್ನೂ ಸಾಲುಸಾಲಾಗಿ ಗುರುತಿಟ್ಟುಕೊಳ್ಳುತ್ತದೆ. ಸಂಜೆ ತಾವು ಆ ಸಾಲುಗಳನ್ನು ಫೈಲಿಗೆ ಇಳಿಸಿ ಬೆಳಗಾವಿಯ ಆಸ್ಪತ್ರೆಗೆ ಕಳಿಸುತ್ತೀರಿ. ಅಲ್ಲಿನ ಯಂತ್ರ ಅದನ್ನು ಓದಿ, ಶಿಬಿರದಲ್ಲಿ ಪೊರೆ ತೆಗೆಸಿಕೊಳ್ಳುವವರಿಗೆ ಒಂದು ಹೆಸರಿಗೆ ಒಂದರಂತೆ ಪಾಳಿ ಹಚ್ಚುತ್ತದೆ. ಆದರೆ ನಮ್ಮ ಅಧ್ಯಕ್ಷರಾದ ಗುರುಪುತ್ರಪ್ಪನವರು ಕಿರಾಣಿ ಅಂಗಡಿ ನಡೆಸಿದವರು, ದೇವರ ಹೆಸರಿಲ್ಲದೆ ಯಾವ ಬರವಣಿಗೆಯನ್ನೂ ಶುರುಮಾಡಿದವರಲ್ಲ. ಅವರ ಅಪ್ಪಣೆಯಂತೆ ನಾನು ದಿನಾ ಬೆಳಿಗ್ಗೆ ಮೊದಲ ಸಾಲಿನಲ್ಲಿ ‘ಶ್ರೀ ಬಸವೇಶ್ವರ ಪ್ರಸನ್ನ’ ಎಂದು ಹೊಡೆದು, ಯಾವ ಕಣ್ಣು ಎಂದು ಕಂಪ್ಯೂಟರ್ ಹಟ ಹಿಡಿದರೆ ಎಡಗಣ್ಣು ಎಂದು ಸಮಾಧಾನ ಮಾಡಿ, ಅವರು ನೋಡಿ ಕೈಮುಗಿದು ಹೋದ ಮೇಲೆ ಅಳಿಸುತ್ತೇನೆ. ಹೋದ ತಿಂಗಳು ಹೊಸ ಆವೃತ್ತಿಯಾಗಿ ಅವತರಿಸಿದ ತಾವು, ಬರೆದದ್ದನ್ನು ಮಾತ್ರ ಇಳಿಸಿಕೊಂಡು ಅದನ್ನು ಅಳಿಸಿದೆನೆಂಬ ಸಾಲನ್ನು ಇಲ್ಲೇ ಬಿಟ್ಟಿರಿ.

ಹೀಗಾಗಿ ಈ ಸಲದ ಶಿಬಿರದಲ್ಲಿ ಮೊದಲ ಪಾಳಿ ದೇವರದಾಯಿತು. ಅಲ್ಲಿನ ಸಿಸ್ಟರ್ ದೇವರ ಹೆಸರು ಕೂಗಿದಾಗ ಕುಳಿತವರೆಲ್ಲ ಎದ್ದು ಕೈಮುಗಿದರಂತೆ, ಒಳಗೆ ಮಾತ್ರ ಯಾರೂ ಹೋಗಲಿಲ್ಲ. ಇದ್ದದ್ದು ಇಪ್ಪತ್ತು ಮಂಚ. ಇಪ್ಪತ್ತನೆಯವರಾಗಬೇಕಿದ್ದ ಹಲಸಿಯ ಚಂದ್ರವ್ವ ಇಪ್ಪತ್ತೊಂದನೆಯವರಾದರು. ಇಪ್ಪತ್ತರ ಪಟ್ಟಿಯಲ್ಲಿಲ್ಲದವರಿಗೆ ಜಾಗವಿಲ್ಲವೆಂದು ದೇವರ ಮಂಚವನ್ನು ಖಾಲಿ ಇಟ್ಟು, ಅವರನ್ನು ರೊಟ್ಟಿಗಂಟಿನ ಸಮೇತ ಬಸ್ಸು ಹತ್ತಿಸಲಾಯಿತು. ಬಸುರಿ ಮೊಮ್ಮಗಳ ಕೂಸಿಗೆ ಕೌದಿ ಹೊಲಿಯಬೇಕೆಂದಿದ್ದ ಅವರಿಗೆ ಈಗ ಸೂಜಿಗೆ ದಾರ ಪೋಣಿಸಲೂ ಆಗುತ್ತಿಲ್ಲ. ನನ್ನೆದುರು ಕುಳಿತು ಅವರು ಅಂದದ್ದಿಷ್ಟೇ: “ಇರ್ಲಿ ಬಿಡವಾ, ದೇವರ ಕಣ್ಣರ ಮೊದಲ ತೆರೀಲಿ. ಆಮ್ಯಾಲ ನನ್ನ ಕಡೆ ನೋಡ್ತಾನ.” ನನಗೆ ಅಳು ಬಂತು. ತಮ್ಮ ಪರದೆಯ ಮೇಲೆ ಮಾತ್ರ ‘ಯಶಸ್ವಿ’ ಎಂದು ಹಸಿರು ಅಕ್ಷರದಲ್ಲಿ ಬರೆದಿತ್ತು.

ಮಹಾಶಯರೇ, ಅಳಿಸಿದ ದೇವರನ್ನೂ ಉಳಿಸಿಕೊಂಡ ತಮ್ಮ ಭಕ್ತಿ ದೊಡ್ಡದು. ತಪಸ್ಸು ಮಾಡಿದವರಿಗೂ ಸಿಗದವನನ್ನು ತಾವು ಒಂದೇ ಗುಂಡಿ ಒತ್ತಿದ್ದಕ್ಕೆ ವಾರ್ಡಿಗೆ ಸೇರಿಸಿದಿರಿ. ಇಷ್ಟು ಬಲ್ಲ ತಾವು ದೇವರ ಆಧಾರ್ ಕಾರ್ಡು, ರಕ್ತದ ವರದಿ, ಜೊತೆಗೆ ಬರುವ ಸಂಬಂಧಿಕರೊಬ್ಬರ ಮೊಬೈಲ್ ನಂಬರು ಇವುಗಳನ್ನೂ ಅದೇ ಫೈಲಿಗೆ ಇಳಿಸಿಕೊಡಬೇಕು. ಅದು ಕಷ್ಟವೆನಿಸಿದರೆ ಚಂದ್ರವ್ವನ ಮೊಮ್ಮಗಳ ಹೆರಿಗೆಯನ್ನಾದರೂ ಮುಂದಿನ ಶಿಬಿರದವರೆಗೆ ಮುಂದೂಡಬೇಕೆಂದು ವಿನಂತಿ.

ಅಳಿಸಿದ್ದು ಅಳಿಯುತ್ತದೆಂಬ ನಂಬಿಕೆ ಕಳೆದುಕೊಂಡರೂ
ತಮ್ಮ ವಿಶ್ವಾಸಿ,
ಅಂಜುಮ

ತಾ.ಕ.: ದೇವರು ಗೈರುಹಾಜರಾದ ಕಾರಣ ಮುಂದಿನ ಶಿಬಿರದಲ್ಲೂ ಮೊದಲ ಪಾಳಿ ಅವರಿಗೇ ಎಂದು ಬೆಳಗಾವಿಯಿಂದ ಸಂದೇಶ ಬಂದಿದೆ. ಇದನ್ನು ಕೇಳಿದ ಚಂದ್ರವ್ವ ನೇರವಾಗಿ ಗುರುಪುತ್ರಪ್ಪನವರ ಮುಂದೆ ಹೋಗಿ ನಿಂತು, “ಯಪ್ಪಾ, ದೇವರ ಹೆಸರ ನಾ ಬಾಯಿಲೆ ಅಂತೀನಿ. ಆ ಸಾಲಿನ್ಯಾಗ ನನ್ನ ಹೆಸರ ಬರಸ್ರಿ” ಎಂದರು. ಅಧ್ಯಕ್ಷರು ಆಗಲಿ ಎಂದು ತಲೆಯಾಡಿಸಿದ್ದಾರೆ. ನಾಳೆ ಮೊದಲ ಸಾಲು ಚಂದ್ರವ್ವನದು. ತಾವು ದೇವರನ್ನು ಉಳಿಸಿಕೊಂಡ ಹಾಗೆಯೇ ಅವರನ್ನೂ ಉಳಿಸಿಕೊಳ್ಳಬೇಕು, ದಿನದ ರೂಢಿಯಂತೆ ನಾನೇ ಮರೆತು ಅಳಿಸಿದರೂ ಸರಿ.