ಬರ್ತೀನಿ ಅಂದ ಮೇಲೆ

ಯಾರ ಮನೆಯಿಂದ ಹೊರಟರೂ ‘ಹೋಗ್ತೀನಿ’ ಅನ್ನಬಾರದು, ‘ಬರ್ತೀನಿ’ ಅನ್ನಬೇಕು. ಲಕ್ಷ್ಮೀಶನಿಗೆ ಅವನ ತಾಯಿ ಚಿಕ್ಕಂದಿನಲ್ಲೇ ಕಲಿಸಿದ್ದ ಈ ಮಾತನ್ನು ಅವನು ಒಂದು ದಿನವೂ ಮೀರಿದವನಲ್ಲ. ಚಳ್ಳಕೆರೆಯಲ್ಲಿ ಅದರಿಂದ ಯಾವ ತೊಂದರೆಯೂ ಆಗಿರಲಿಲ್ಲ. ಅಲ್ಲಿ ಅವನು ಬಾಡಿಗೆ ಮನೆ ಹುಡುಕಿರಲಿಲ್ಲವಲ್ಲ.

ಈಗ ಗ್ರಂಥಾಲಯ ಇಲಾಖೆ ಅವನನ್ನು ಬೆಂಗಳೂರಿಗೆ ವರ್ಗ ಮಾಡಿತ್ತು. ಆ ಭಾನುವಾರ ಸಂಜೆಯೊಳಗೆ ಮನೆ ಗೊತ್ತುಮಾಡಿ, ರಾತ್ರಿ ಬಸ್ಸಿಗೆ ಊರಿಗೆ ಮರಳಬೇಕು. ಹೆಂಡತಿ ಯಶಶ್ರೀ ಕೇಳಿಕೊಂಡಿದ್ದು ಒಂದೇ.

"ಅಡುಗೆಮನೆ ಕಿಟಕೀಲಿ ಒಂದು ಮರ ಕಾಣ್ಬೇಕು ಕಣ್ರೀ. ಮಿಕ್ಕಿದ್ದೆಲ್ಲ ಹೆಂಗಿದ್ರೂ ಸರಿ."

ಮದುವೆಯಾದಾಗಿನಿಂದ ಎಣ್ಣೆ ಮಿಲ್ಲಿನ ತಗಡನ್ನೇ ನೋಡುತ್ತ ಒಗ್ಗರಣೆ ಹಾಕಿದವಳು ಅವಳು. ಈ ಸಲವಾದರೂ ಅವಳಿಗೊಂದು ಮರ ಕೊಡಿಸಲೇಬೇಕೆಂದು ಲಕ್ಷ್ಮೀಶ ನಿಶ್ಚಯಿಸಿದ್ದ.

ಬೆಳಗಿನ ಚಾಮರಾಜಪೇಟೆ ಅವನ ಕಣ್ಣಿಗೆ ಅರ್ಧ ಎದ್ದು ಅರ್ಧ ಮಲಗಿದಂತೆ ಕಂಡಿತು. ಮಂಜು ಇನ್ನೂ ಮನೆಗಳ ತಾರಸಿಯ ಮೇಲೇ ಕೂತಿತ್ತು. ಒಂದು ಮನೆಯಿಂದ ಕಾಫಿಯ ಘಮ, ಇನ್ನೊಂದರಿಂದ ರೇಡಿಯೋ, ಮಸೀದಿಯ ಪಕ್ಕದಲ್ಲಿ ಯಾವುದೋ ಅಂಗಡಿಯ ಶಟರ್ ಏಳುವ ಸದ್ದು. ಇಲ್ಲಿ ಬಾಳಿದರೆ ಹೇಗಿರುತ್ತದೆ ಎಂದು ಕನಸು ಕಾಣುತ್ತ ನಡೆದವನು, ಬಿಟ್ಟು ಬಂದ ಬೀದಿಗೇ ಮತ್ತೆ ಬಂದು ನಿಂತ. ಅಲ್ಲೇ ಪಿಳ್ಳಮ್ಮ ಎಂಬವರ ಮನೆಯ ಗೇಟಿಗೆ ‘ಮನೆ ಬಾಡಿಗೆಗೆ ಇದೆ’ ಎಂಬ ಹಲಗೆ ನೇತಾಡುತ್ತಿತ್ತು.

ಪಿಳ್ಳಮ್ಮ ಅಡುಗೆಮನೆಯ ಕಿಟಕಿ ತೆರೆದು ತೋರಿಸಿದರು. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ ಪಕ್ಕದ ಮನೆಯ ಗೋಡೆ.

"ಗಾಳಿ ಚೆನ್ನಾಗಿ ಬರುತ್ತೆ," ಎಂದರು.

ಯಾವ ದಾರಿಯಲ್ಲಿ ಬರುತ್ತದೋ ಎಂದು ಯೋಚಿಸುತ್ತ ಲಕ್ಷ್ಮೀಶ ಗೋಡೆಯ ಪಾಚಿಯನ್ನು ನೋಡಿದ. ಪಾಚಿಯಲ್ಲಿ ಬೆಟ್ಟ ಕಂಡಿತು, ಕೆರೆ ಕಂಡಿತು, ಮರ ಮಾತ್ರ ಕಾಣಲಿಲ್ಲ.

"ಏನಂತೀರಾ ಮತ್ತೆ? ಒಪ್ಗೇನಾ?" ಎಂದು ಪಿಳ್ಳಮ್ಮ ಕೇಳಿದ್ದು ಅವನ ಕಿವಿಗೆ ಬೀಳಲೇ ಇಲ್ಲ. ಇನ್ನು ಹೊರಡೋಣವೆಂದು ಕೈಮುಗಿದ.

"ಆಯ್ತಮ್ಮ, ಬರ್ತೀನಿ."

"ಬನ್ನಿ ಬನ್ನಿ, ಒಳ್ಳೇದಾಯ್ತು," ಎಂದು ಪಿಳ್ಳಮ್ಮ ಅವನ ಬೆನ್ನಹಿಂದೆಯೇ ಹಲಗೆ ಬಿಚ್ಚಿದರು. ಅವನು ತಿರುಗಿ ನೋಡಲಿಲ್ಲ.

ಬೀದಿಯ ತುದಿ ಮುಟ್ಟುವಷ್ಟರಲ್ಲಿ ಎದುರುಮನೆಯ ನಂಜಪ್ಪನವರು ಅಡ್ಡ ನಿಂತರು. "ನೀವೇ ಅಲ್ವಾ ಪಿಳ್ಳಮ್ಮೋರ ಮನೇಗೆ ಬರ್ತಿರೋದು? ಈಗ್ತಾನೆ ಬಾಲ್ಕನಿಯಿಂದ ಕೂಗಿ ಹೇಳಿದ್ರು. ಶುಕ್ರವಾರ ಹಾಲು ಉಕ್ಕಿಸ್ಬಿಡಿ."

"ಬಟ್ಟೆ ನಮ್ಮತ್ರಾನೇ ಕೊಡಿ ಸಾರ್," ಎಂದ ಇಸ್ತ್ರಿ ಅಂಗಡಿಯ ಈಶ್ವರ್.

"ಅಯ್ಯೋ, ನಾನು ಸುಮ್ನೆ ಬರ್ತೀನಿ ಅಂದೆ, ಅಷ್ಟೇ."

"ನಾವೂ ಅದನ್ನೇ ಹೇಳ್ತಿರೋದು," ಎಂದರು ನಂಜಪ್ಪ.

ಲಕ್ಷ್ಮೀಶ ಬೆವರಿದ. ಹೆಂಡತಿಗೆ ಮರ ಬೇಕಂತೆ, ಗವಿಪುರದಲ್ಲಿ ದೊಡ್ಡಬೈರಪ್ಪ ಎಂಬವರ ಮನೆಯ ಮಹಡಿ ಖಾಲಿ ಇದೆಯಂತೆ, ಅಲ್ಲಿ ಆಕಾಶಮಲ್ಲಿಗೆ ಮರವಿದೆಯಂತೆ, ಅದನ್ನು ನೋಡಲು ಹೊರಟಿದ್ದೇನೆ ಎಂದು ಎಲ್ಲವನ್ನೂ ಒದರಿಬಿಟ್ಟ.

"ಮರಾನಾ?" ನಂಜಪ್ಪ ಮೀಸೆ ಸವರಿಕೊಂಡರು. "ನಮ್ ಮಗಳು ಶರಣ್ಯಂಗೂ ಮನೆ ನೋಡ್ತಿದೀವಿ. ಇರ್ಲಿ, ನೀವು ನೋಡ್ಕೊಂಡ್ಬನ್ನಿ."

ಗವಿಪುರದ ಮಹಡಿಯ ಅಡುಗೆಮನೆ ಕಿಟಕಿ ತೆರೆದಾಗ ಲಕ್ಷ್ಮೀಶನ ಎದೆ ತುಂಬಿ ಬಂತು. ಕಿಟಕಿಯ ತುಂಬ ಮರ, ಮರದ ತುಂಬ ಬಿಳಿ ಹೂ. ಉದ್ದ ತೊಟ್ಟಿನ ಹೂಗಳು ಯಾವ ಅವಸರವೂ ಇಲ್ಲದೆ ಸುತ್ತುತ್ತ ಕೆಳಗಿಳಿಯುತ್ತಿದ್ದವು. ಒಂದು ಹೂ ಕಟ್ಟೆಯ ಮೇಲೇ ಬಂದು ಕೂತಿತು. ಯಶಶ್ರೀ ಇಲ್ಲಿ ನಿಂತು ಸಾರಿಗೆ ಉಪ್ಪು ಹಾಕುವುದನ್ನು ಮರೆತಂತೆ, ತಾನು ಆ ಸಪ್ಪೆ ಸಾರನ್ನು ಸಂತೋಷದಿಂದ ಉಂಡಂತೆ ಅವನು ಅಲ್ಲೇ ಕನಸು ಕಂಡ. ಹೂವನ್ನು ಜೇಬಿಗೆ ಹಾಕಿಕೊಂಡು, ಬಾಗಿಲಲ್ಲಿದ್ದ ದೊಡ್ಡಬೈರಪ್ಪನವರಿಗೆ ಮನಸಾರೆ ಹೇಳಿದ.

"ಬರ್ತೀನಿ ಸರ್. ಖಂಡಿತ ಬರ್ತೀನಿ."

"ಆಯ್ತು, ಹೋಗ್ಬನ್ನಿ."

ಊರಿಗೆ ಹೋಗಿ ಸಾಮಾನು ಸಮೇತ ಬನ್ನಿ ಎಂದೇ ಅವನು ತಿಳಿದ. ಯಶಶ್ರೀಗೆ ಫೋನ್ ಮಾಡಿ ಮರ ಸಿಕ್ಕಿತೆಂದ. ಅವಳು ನಕ್ಕ ನಗೆಯನ್ನು ನೆನೆಯುತ್ತ ಬಸವನಗುಡಿಯ ಮರಗಳ ನೆರಳಲ್ಲಿ ಮಧ್ಯಾಹ್ನವೆಲ್ಲ ತೇಲಾಡಿದ. ಬೀಗದ ಕೈ ಕೇಳಲೇ ಇಲ್ಲವೆಂದು ನೆನಪಾದಾಗ ಬಿಸಿಲು ಇಳಿದಿತ್ತು. ಓಡಿದ.

"ಮನೆ ಕೊಟ್ಬಿಟ್ನಲ್ಲ ಸ್ವಾಮಿ," ಎಂದರು ದೊಡ್ಡಬೈರಪ್ಪ.

"ನಾನು ಬರ್ತೀನಿ ಅಂದಿದ್ನಲ್ಲ ಸರ್."

"ಅಂದ್ರಿ. ನಾನೂ ಹೋಗ್ಬನ್ನಿ ಅಂದೆ. ಮನೆ ಒಪ್ಪಿದೋರು ಒಪ್ದೆ ಅಂತಾರೆ. ಆಮೇಲೆ ನಂಜಪ್ಪ ಅಂತ ಒಬ್ರು ಬಂದು ಮಗಳಿಗೆ ಮನೆ ಬೇಕು ಅಂದ್ರು. ಬೆಳಿಗ್ಗೆ ಒಬ್ರು ನೋಡ್ಕೊಂಡು ಹೋದ್ರಲ್ಲ ಅಂದೆ. ಅವರು ಪಿಳ್ಳಮ್ಮೋರ ಮನೇಗೆ ಬರ್ತೀನಿ ಅಂದಿದಾರೆ, ಇಡೀ ಬೀದಿಗೇ ಗೊತ್ತು ಅಂದ್ರು."

ಚಾಮರಾಜಪೇಟೆಯಲ್ಲಿ ‘ಬರ್ತೀನಿ’ ಅಂದಿದ್ದಕ್ಕೆ ಬಂದೇಬರುತ್ತೇನೆಂದು ಅರ್ಥ. ಗವಿಪುರದಲ್ಲಿ ಹೊರಟೆ ಎಂದರ್ಥ. ಲಕ್ಷ್ಮೀಶನಿಗೆ ಅಳು ಬಂತು. ಆದರೆ ಬಸ್ಸಿನ ಹೊತ್ತಾಗುತ್ತಿತ್ತು. ಗೋಡೆಯಾದರೂ ಸೂರು ಸೂರೇ ಎಂದುಕೊಂಡು ಪಿಳ್ಳಮ್ಮನವರ ಮನೆಗೇ ಬಂದ.

"ನೀವು ಬಂದೇಬರ್ತೀರಾ ಅಂತ ಗೊತ್ತಿತ್ತು," ಎಂದು ಪಿಳ್ಳಮ್ಮ ಕಾಫಿ ಕೊಟ್ಟರು. ಮಾತು ಮುಗಿಯಿತು, ಶುಕ್ರವಾರವೂ ನಿಶ್ಚಯವಾಯಿತು. ದೇವರ ಮುಂದೆ ದೀಪ ಹಚ್ಚಿ, ಬೀಗದ ಕೈ ಹಿಡಿದು ಹೊಸಿಲವರೆಗೆ ಬಂದರು.

ಹಳೆಯ ಮಾತು ಲಕ್ಷ್ಮೀಶನ ನಾಲಗೆಯ ತುದಿಗೆ ಬಂತು. ಇವತ್ತು ಅದು ಕೊಟ್ಟ ಕಾಟ ಸಾಕೆನಿಸಿತು. ಮಾತೆಂದರೆ ಒಂದೇ ಅರ್ಥ ಇರಬೇಕು ಎಂದುಕೊಂಡು, ಜನ್ಮದಲ್ಲಿ ಮೊದಲ ಸಲ ಸ್ಪಷ್ಟವಾಗಿ ಹೇಳಿದ.

"ಆಯ್ತಮ್ಮ, ಹೋಗ್ತೀನಿ."

ಬೀಗದ ಕೈ ಹಿಡಿದ ಕೈ ಹಿಂದಕ್ಕೆ ಹೋಯಿತು.

"ದೀಪ ಹಚ್ಚೋ ಹೊತ್ನಲ್ಲಿ, ಹೊಸಿಲ ಮೇಲೆ ನಿಂತು ಹೋಗ್ತೀನಿ ಅಂತೀರಲ್ರೀ. ಬಾಳೋಕೆ ಬರೋರ ಬಾಯಲ್ಲಿ ಬರೋ ಮಾತಾ ಇದು? ನಮಗೆ ಬೇಡಪ್ಪ, ನೀವು ಬೇರೆ ಕಡೆ ನೋಡ್ಕೊಳ್ಳಿ."

ಎಷ್ಟು ಬೇಡಿಕೊಂಡರೂ ಪಿಳ್ಳಮ್ಮ ಕರಗಲಿಲ್ಲ. ಬೀದಿಗಿಳಿದ ಲಕ್ಷ್ಮೀಶ ಈ ಸಲ ತಿರುಗಿ ನೋಡಿದ. ಗೇಟಿಗೆ ಹಲಗೆ ಮತ್ತೆ ಏರುತ್ತಿತ್ತು. ಫೋನ್ ಹೊಡೆದುಕೊಂಡಿತು. ಯಶಶ್ರೀ.

"ರೀ, ಮರದ ಫೋಟೋ ಕಳ್ಸಲೇ ಇಲ್ವಲ್ಲ. ಹೋಗ್ಲಿ ಬಿಡಿ, ನಾನೇ ಬಂದು ನೋಡ್ತೀನಿ. ರಾತ್ರಿ ಬಸ್ಸಿಗೆ ಬರ್ತೀರಾ ತಾನೆ?"

ಜೇಬಿನ ಹೂ ಬಾಡಿದ್ದರೂ ಇನ್ನೂ ಘಮಘಮ ಎನ್ನುತ್ತಿತ್ತು. ಲಕ್ಷ್ಮೀಶ ಉತ್ತರ ಹೇಳಲು ಬಾಯಿ ತೆರೆದ. ಯಾವ ಮಾತಿಗೆ ಏನರ್ಥವಾಗಿಬಿಡುತ್ತದೋ ಎಂದು ಹೆದರಿ ಹಾಗೇ ಮುಚ್ಚಿದ.